ಬಾಗಿಲು ಹಾಕಿಕೊಂಡು ಮಾಡುವ ಕೆಲಸ

(ಸಂಘದ ವಾರ್ಷಿಕೋತ್ಸವದ ದಿನ ಆಡಿದ ಮಾತು. ಸ್ಮರಣ ಸಂಚಿಕೆಗಾಗಿ ಬರೆದುಕೊಟ್ಟದ್ದು.)



ನನ್ನ ಬಗ್ಗೆ ನಮ್ಮ ಓಣಿಯಲ್ಲಿ ಎರಡು ಸುದ್ದಿ ಅದಾವ. ಒಂದು, ಈ ಹುಡುಗಿ ಮನ್ಯಾಗ ಕುಂತು ಅಮೆರಿಕಾದವರ ರೊಕ್ಕ ಎಣಿಸ್ತಾಳ. ಇನ್ನೊಂದು, ಹೈದರಾಬಾದಿನ ನೌಕರಿ ಹೋಗಿ ಮನಿಗೆ ಬಂದಾಳ, ಅದಕ್ಕೇ ಹಗಲೆಲ್ಲ ಬಾಗಿಲು ಹಾಕ್ಕೊಂಡು ಇರ್ತಾಳ. ಎರಡೂ ಸುಳ್ಳು. ಆದರೆ ಬಾಗಿಲು ಹಾಕ್ಕೊಂಡು ಇರ್ತೀನಿ ಅನ್ನೋದು ಖರೆ. ಯಾಕ ಹಾಕ್ಕೋತೀನಿ ಅಂತ ಹೇಳಾಕ ಸಂಘದವರು ಇವತ್ತು ಮೈಕ್ ಕೊಟ್ಟಾರ.

ಕೆಲಸದ ಹೆಸರು ಮೆಡಿಕಲ್ ಕೋಡಿಂಗ್. ಕಂಪ್ಯೂಟರ್ ಪ್ರೋಗ್ರಾಂ ಬರೆಯೋ ಕೋಡಿಂಗ್ ಅಲ್ಲ ಇದು. ನಮ್ಮ ಕಡೆ ಆರೋಗ್ಯಶ್ರೀ ಕಾರ್ಡ್ ಇದ್ದರೆ ಆಪರೇಷನ್ ಖರ್ಚು ಸರಕಾರ ಆಸ್ಪತ್ರೆಗೆ ಕೊಡ್ತದಲ್ಲ, ಹಂಗೇ ಅಮೆರಿಕಾದಲ್ಲಿ ರೋಗಿಯ ಬಿಲ್ಲನ್ನು ಬಹಳಮಟ್ಟಿಗೆ ಇನ್ಶೂರೆನ್ಸ್ ಕಂಪನಿಗಳು, ಇಲ್ಲವೇ ಸರಕಾರದ ಮೆಡಿಕೇರ್, ಮೆಡಿಕೇಡ್ ಕೊಡ್ತಾವ. ಕೊಡೋದಕ್ಕಿಂತ ಮೊದಲು ಅವರು ಎರಡು ಪ್ರಶ್ನೆ ಕೇಳ್ತಾರ. ರೋಗಿಗೆ ಏನಾಗಿತ್ತು? ಡಾಕ್ಟರ್ ಏನು ಮಾಡಿದರು? ಉತ್ತರವನ್ನ ಮಾತಿನಲ್ಲಿ ಬರೆದರೆ ನಡೆಯಂಗಿಲ್ಲ, ಅಂಕಿ ಅಕ್ಷರದಲ್ಲಿ ಬರೀಬೇಕು. ಏನಾಗಿತ್ತು ಅನ್ನೋದಕ್ಕೆ ಐಸಿಡಿ-10-ಸಿಎಂ ಅನ್ನೋ ಪುಸ್ತಕ, ಏನು ಮಾಡಿದರು ಅನ್ನೋದಕ್ಕೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಸಿಪಿಟಿ ಪುಸ್ತಕ. ಡಾಕ್ಟರ್ ಬರೆದ ಚಾರ್ಟು ಓದಿ ಸರಿಯಾದ ಕೋಡ್ ಹಾಕೋದು ನನ್ನ ಕೆಲಸ.

ಒಂದು ಪಾಠದ ಉದಾಹರಣೆ ಕೊಡ್ತೀನಿ. ಖರೆ ರೋಗಿಯ ಕಥೆ ಹೇಳಂಗಿಲ್ಲ, ಅದು ಯಾಕ ಅಂತ ಮುಂದೆ ಗೊತ್ತಾಗ್ತದ. ಒಬ್ಬ ಮನುಷ್ಯ ನಿಚ್ಚಣಿಕೆ ಮೇಲಿಂದ ಬಿದ್ದ. ಬಲಗೈ ಮಣಿಕಟ್ಟಿನ ಹತ್ರ ರೇಡಿಯಸ್ ಎಲುಬು ಮುರೀತು. ಅದು ಕೋಲಿಸ್ ಅನ್ನೋ ನಮೂನೆಯ ಮುರಿತ, ಎಲುಬು ತೊಗಲು ಹರಕೊಂಡು ಹೊರಗೆ ಬಂದಿಲ್ಲ. ಅದಕ್ಕೆ ಎಸ್52.531ಎ. ಇದರಲ್ಲಿ ಆ '1' ಬಲಗೈ ಅಂತ ಹೇಳ್ತದ, ಎಡಗೈ ಆಗಿದ್ದರೆ '2'. ಕೊನೆಯ 'ಎ' ಅಂದರೆ ಚಿಕಿತ್ಸೆ ಈಗ ನಡೀತಾ ಅದ. ಬಿದ್ದದ್ದು ನಿಚ್ಚಣಿಕೆಯಿಂದ ಅನ್ನೋದಕ್ಕೆ ಬೇರೆ ಕೋಡ್, ಡಬ್ಲ್ಯೂ11. ಅವನಿಗೆ ಸಕ್ಕರೆ ರೋಗ, ಬಿಪಿ ಅದಾವ ಅಂತ ಡಾಕ್ಟರ್ ಬರೆದಿದ್ದರೆ ಇ11.9, ಐ10. ಡಾಕ್ಟರ್ ಎಲುಬನ್ನ ಹಿಡಿದು ಸರಿಸಿ ಜಾಗಕ್ಕೆ ಕೂಡಿಸಿ ಕಟ್ಟು ಹಾಕಿದರೆ ಸಿಪಿಟಿ 25605. ಸರಿಸದೇ ಕಟ್ಟು ಹಾಕಿದರೆ 25600. ಎರಡಕ್ಕೂ ಸಿಗೋ ರೊಕ್ಕ ಬೇರೆ ಬೇರೆ. ತಪ್ಪು ಹಾಕಿದರೆ ಬಿಲ್ಲು ವಾಪಸ್ ಬರ್ತದ, ಇಲ್ಲಾ ಮಾಡದ ಕೆಲಸಕ್ಕೆ ರೊಕ್ಕ ತಗೊಂಡಂಗ ಆಗ್ತದ. ಅದು ಅಲ್ಲಿ ಅಪರಾಧ.

ನಾಗರಹಾವು ಕಚ್ಚಿದರೂ ಕೋಡ್ ಅದ, ಟಿ63.041ಎ. ಬಿಸಿಲು ಬಡಿದರೂ ಅದ. ನಮ್ಮ ಮಕ್ತಲದ ಮೇ ತಿಂಗಳಿಗೆ ಒಂದು ಪುಟ ಸಾಕಾಗಂಗಿಲ್ಲ ಅಂತ ನಾವು ನಗ್ತಿದ್ವಿ.

2015ರ ಅಕ್ಟೋಬರ್ 1ರ ತನಕ ಅಮೆರಿಕಾದವರು ಹಳೆ ಪುಸ್ತಕ ವಾಪರಿಸ್ತಿದ್ದರು, ಐಸಿಡಿ-9. ಅದರಲ್ಲಿ ಸುಮಾರು 14 ಸಾವಿರ ಕೋಡ್. ಆ ದಿನ ಹತ್ತನೇದಕ್ಕೆ ಬಂದರು, ಸುಮಾರು 70 ಸಾವಿರ ಆದವು. ಓದೋ ಕಣ್ಣು, ಹುಡುಕೋ ಕೈ ಒಮ್ಮೆಲೇ ಹೆಚ್ಚು ಬೇಕಾದವು. ಹೈದರಾಬಾದು, ಚೆನ್ನೈ ಕಡೆ ಈ ಕೆಲಸ ಬೆಳೆಯೋದಕ್ಕೆ ಇದೂ ಒಂದು ಕಾರಣ. ನನ್ನಂಥ ಬಿ.ಎಸ್ಸಿ. ಓದಿದವರು ಒಳಗೆ ಹೋಗಿದ್ದು ಆ ಅಲೆಯಲ್ಲೇ.

ಕನ್ನಡ ಮೀಡಿಯಂನಾಗ ಹತ್ತನೇ ತನಕ ಓದಿದವರಿಗೆ ಇದು ಬರ್ತದೇನು ಅಂತ ಕೇಳ್ತೀರಿ. ನಾನೂ ಕೇಳಿದ್ದೆ. ಮನ್ಯಾಗ ಕನ್ನಡ, ಸಂತ್ಯಾಗ ತೆಲುಗು, ಇಂಟರ್‌ನಲ್ಲಿ ಇಂಗ್ಲಿಷು. ಕ್ಲಾಸಿನಲ್ಲಿ ಮೊದಲ ವಾರ ಮೂಕಿ ಹಂಗ ಕುಂತಿದ್ದೆ. ಆಮೇಲೆ ತಿಳೀತು, ಅದು ಇಂಗ್ಲಿಷೂ ಅಲ್ಲ, ಗ್ರೀಕು, ಲ್ಯಾಟಿನ್ನು. ಇಂಗ್ಲಿಷ್ ಮೀಡಿಯಂನವರಿಗೂ ಅದು ಹೊಸದೇ. 'ಐಟಿಸ್' ಅಂತ ಕೊನೆಗೆ ಬಂದರೆ ಉರಿ, ಬಾವು. 'ಎಕ್ಟಮಿ' ಅಂದರೆ ಕೊಯ್ದು ತೆಗೆಯೋದು. 'ಆಟಮಿ' ಅಂದರೆ ಬರೀ ಕೊಯ್ಯೋದು. ಒಂದು ನೂರು ತುಣುಕು ಕಲಿತರೆ ಸಾವಿರ ಪದ ಬಿಚ್ಚಿಕೊಳ್ತಾವ.

ಎಲುಬುಗಳನ್ನ ನಾನು ಕಲಿತದ್ದು ಬೇರೆ ಕಡೆ. ಹೇಳಿದರೆ ಕೆಲವರಿಗೆ ಮುಜುಗರ ಆಗಬಹುದು, ಆದರೂ ಹೇಳ್ತೀನಿ. ನಮ್ಮ ಮುತ್ಯಾ ವಯಸ್ಸಿನಲ್ಲಿದ್ದಾಗ ಊರಾಗ ಸತ್ತ ದನ ಎಳೆದು ತಂದು ತೊಗಲು ಸುಲಿದವನು. ನಾನು ಪರೀಕ್ಷೆಗೆ ಚಿತ್ರ ಬಿಡಿಸಿಕೊಂಡು ಬಾಯಿಪಾಠ ಮಾಡೋವಾಗ ಬಾಜೂಕ ಬಂದು ಕುಂತು, "ಇದು ಮುಂಗಾಲಿನ ಎಲುಬು, ಇಲ್ಲಿ ಎರಡು ಜೋಡಿ ಇರ್ತಾವ, ಇದರ ಮ್ಯಾಲೆ ಈ ನರ ಹಾದು ಹೋಗ್ತದ, ಕತ್ತಿ ಇಲ್ಲಿ ಹಾಕಿದರೆ ಕೀಲು ಬಿಡ್ತದ" ಅಂತ ಬೆರಳಿಟ್ಟು ತೋರಿಸಿದ. ಪುಸ್ತಕದ ರೇಡಿಯಸ್ಸು, ಅಲ್ನಾ ಅವನ ಬೆರಳಿನ ಕೆಳಗೇ ಇದ್ದವು. ಹೆಸರು ಮಾತ್ರ ಗೊತ್ತಿರಲಿಲ್ಲ. ಆ ಕೆಲಸ ದೊಡ್ಡದಿತ್ತು, ವಾಪಸ್ ಬೇಕು ಅಂತ ನಾನು ಹೇಳ್ತಿಲ್ಲ. ಅವನ ಮೈಯ ವಾಸನೆಗೆ ಹೋಟೆಲಿನವರು ಹೊರಗೆ ಬೇರೆ ಗ್ಲಾಸ್ ಇಟ್ಟಿದ್ದರು, ಅದನ್ನ ಅವನು ಮರೆತಿಲ್ಲ. ನಾನು ಹೇಳೋದು ಇಷ್ಟೇ: ನಮ್ಮ ಮಕ್ಕಳಿಗೆ ತಲಿ ಇಲ್ಲ ಅಂತ ಯಾರಾದರೂ ಅಂದರೆ ಮುತ್ಯಾನ ಬೆರಳು ನೆನಪಿಗೆ ಬರ್ತದ.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ಮಾತು ಅದ. ಬರೆದಿಲ್ಲ ಅಂದರೆ ಆಗಿಲ್ಲ. ಡಾಕ್ಟರ್ ಚಾರ್ಟಿನಲ್ಲಿ ಬರೆಯದೇ ಇದ್ದದ್ದನ್ನ ನಾನು ಊಹಿಸಿ ಕೋಡ್ ಹಾಕಂಗಿಲ್ಲ. ಹೊರರೋಗಿಗಳ ಚಾರ್ಟಿನಲ್ಲಿ 'ಇರಬಹುದು', 'ಅನುಮಾನ ಅದ' ಅಂತ ಬರೆದಿದ್ದರೂ ಆ ರೋಗದ ಕೋಡ್ ಹಾಕಂಗಿಲ್ಲ, ಕಂಡ ಲಕ್ಷಣಕ್ಕೆ ಮಾತ್ರ ಹಾಕಬೇಕು. ಸಂಘದ ಹಿರಿಯರಿಗೆ ಈ ನಿಯಮ ಹೊಸದಲ್ಲ. 1989ರ ಅಟ್ರಾಸಿಟಿ ಕಾಯ್ದೆ ನಮ್ಮ ಕೈಯಾಗ ಅದ. ಆದರೆ ದೂರಿನಲ್ಲಿ ಬೈದದ್ದು ಯಾವ ಮಾತು, ಎಲ್ಲಿ ನಿಂತು ಬೈದರು, ಯಾರ ಕಣ್ಣೆದುರು, ಇದೆಲ್ಲ ಬರೆಸದೇ ಬಂದರೆ ಕೋರ್ಟಿನಲ್ಲಿ ಏನಾಗ್ತದ ಅಂತ ನೀವೇ ನೋಡಿರಿ.

ಕಲಿಯೋವಾಗ ಒಂದಿನ ಪುಸ್ತಕದ ಕೊನೆಯ ಅಧ್ಯಾಯ ತಿರುವಿ ಹಾಕ್ತಿದ್ದೆ. ಝಡ್ ಅಧ್ಯಾಯ. ಅದರಲ್ಲಿ ಝಡ್55ರಿಂದ ಝಡ್65ರ ತನಕ ರೋಗ ಅಲ್ಲ, ರೋಗಿಯ ಬದುಕಿನ ಕಷ್ಟ. ಅಕ್ಷರ ಬಾರದಿರೋದು, ಮನೆ ಇಲ್ಲದಿರೋದು, ಕೆಲಸ ಇಲ್ಲದಿರೋದು. ಅಲ್ಲಿ ಝಡ್60.5 ಅಂತ ಒಂದು ಕೋಡ್. ಮನುಷ್ಯ ಒಂದು ಗುಂಪಿಗೆ ಸೇರಿದವನು ಅನ್ನೋ ಕಾರಣಕ್ಕೇ ತಾರತಮ್ಯಕ್ಕೆ, ಹಿಂಸೆಗೆ ಗುರಿಯಾಗೋದು. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಪುಸ್ತಕದ ವಿವರಣೆಯಲ್ಲಿ ಚರ್ಮದ ಬಣ್ಣ, ಧರ್ಮ, ಜನಾಂಗದ ಮೂಲ ಅಂತ ಹೇಳಿ 'ಇತ್ಯಾದಿ' ಅಂತ ಬಿಟ್ಟಾರ. ಜಾತಿ ಅನ್ನೋ ಪದ ಇಲ್ಲ. ನಾವು ಆ ಇತ್ಯಾದಿಯೊಳಗೆ ಇದ್ದೀವಿ.

ಆ ಪುಟ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕುಂತೆ. ಅಂಥದ್ದೂ ಒಂದು ಸಂಗತಿ, ಅದಕ್ಕೂ ಒಂದು ನಂಬರ್ ಅದ ಅಂತ ಯಾರೋ ಎಲ್ಲೋ ಒಪ್ಪಿಕೊಂಡಾರಲ್ಲ ಅಂತ. ಆಮೇಲೆ ನಿಯಮ ಓದಿದೆ. ಈ ಕೋಡುಗಳನ್ನ ಮೊದಲ ಸಾಲಿನಲ್ಲಿ ಹಾಕಂಗಿಲ್ಲ, ಬೇರೆ ರೋಗದ ಕೆಳಗೆ ಎರಡನೇ ಸಾಲಿನಿಂದ ಹಾಕಬೇಕು. ಅದೂ ನರ್ಸೋ, ಸಮಾಜ ಕಾರ್ಯಕರ್ತರೋ, ಡಾಕ್ಟರೋ ರೋಗಿಯನ್ನ ಕೇಳಿ ಬರೆದಿದ್ದರೆ ಮಾತ್ರ. ಕೇಳದಿದ್ದರೆ ಬರೆಯಂಗಿಲ್ಲ, ಬರೆಯದಿದ್ದರೆ ಆಗಿಲ್ಲ.

ಈಗ ಮನೆಯ ಮಾತಿಗೆ ಬರ್ತೀನಿ. ನಮ್ಮ ಪಾಲಮೂರು ಸೀಮೆಯವರಿಗೆ ಕೆಲಸ ಅಂದರೆ ಊರು ಬಿಡೋದು. ಗುಂಪು ಮೇಸ್ತ್ರಿಯ ಕೈಯಿಂದ ಮುಂಗಡ ತಗೊಂಡು ಪುಣೆ, ಮುಂಬೈ, ಬೆಂಗಳೂರು ಅಂತ ಗುಳೆ ಹೋದ ಮನೆಗಳು ಈ ಸಭೆಯಲ್ಲೇ ಎಷ್ಟು ಅದಾವ. ಊರಾಗೇ ಉಳಿದರೆ ಗದ್ವಾಲ ಕಡೆ ಸೀಡ್ ಹತ್ತಿ. ನಮ್ಮ ಅವ್ವ ಆ ಹೊಲದಾಗ ಸಂಜಿ ಮುಂದ ಒಂದೊಂದೇ ಮೊಗ್ಗು ಬಿಡಿಸಿ, ಮರುದಿನ ಮುಂಜಾನೆ ಗಂಡು ಹೂ ಒರೆಸಿ ಕ್ರಾಸಿಂಗ್ ಮಾಡಿದವಳು. ನಾನೂ ಎರಡು ಸೀಸನ್ ಸಾಲಿ ಬಿಟ್ಟು ಮಾಡೀನಿ. ಚಿಕ್ಕ ಹುಡುಗಿಯರ ಬೆರಳು ಬೇಕು ಅಂತಿದ್ದರು. ಆ ಬೆರಳು ಈಗ ಕೀಬೋರ್ಡ್ ಮೇಲೆ ಅದಾವ. ದಿನಕ್ಕೆ ಇಷ್ಟು ಅಂತ ಎಣಿಕೆ ಅಲ್ಲೂ ಇತ್ತು, ಇಲ್ಲೂ ಅದ.

ಹೈದರಾಬಾದಿನಲ್ಲಿ ನೌಕರಿ ಸಿಕ್ಕಾಗ ಕೆಲಸಕ್ಕಿಂತ ಕಷ್ಟ ಆಗಿದ್ದು ರೂಮು. ಬಾಡಿಗೆ ಮನೆ ನೋಡಾಕ ಹೋದರೆ ಎರಡನೇ ಮಾತೇ "ಮೀರೆವರಮ್ಮಾ?" ಊರು ಹೇಳಿದರೆ ಸಾಲಂಗಿಲ್ಲ. ಒಂದು ಕಡೆ ಖರೆ ಹೇಳಿದೆ, ಮರುದಿನ "ನಮ್ಮ ನೆಂಟರು ಬರ್ತಾರ" ಅಂದರು. ಇನ್ನೊಂದು ಕಡೆ ಹೇಳಲಿಲ್ಲ, ಎರಡು ತಿಂಗಳು ಅಡಿಗೆ ಮಾಡೋವಾಗೆಲ್ಲ ಕಿಟಕಿ ಹಾಕ್ಕೊಂಡೆ. ಕೊನೆಗೆ ನಮ್ಮವರೇ ಮೂರು ಹುಡುಗಿಯರು ಸೇರಿ ಒಂದು ಹಾಸ್ಟೆಲ್ ಹಿಡಿದ್ವಿ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯ್ತು. ಕಂಪನಿಯವರು ಕಂಪ್ಯೂಟರ್ ಡಬ್ಬಿಯಲ್ಲಿ ಕಟ್ಟಿ ಕೈಗೆ ಕೊಟ್ಟರು. ಆ ವರ್ಷ ನವೆಂಬರಿನಲ್ಲಿ ಕೇಂದ್ರ ಸರಕಾರ ಇಂಥ ಕಂಪನಿಗಳ ಮೇಲಿದ್ದ ಟೆಲಿಕಾಂ ನಿಯಮಗಳನ್ನ ಬಹಳ ಸಡಿಲ ಮಾಡಿತು, ಮನೆಯಿಂದ ಕೆಲಸ ಅನ್ನೋದು ನಿಂತುಕೊಂಡಿತು. ನಾನು ಊರಿಗೆ ಬಂದೆ. ನಮ್ಮ ಮನೆ ನಿಮಗೆ ಗೊತ್ತು, ಒಂದೇ ಖೋಲಿ, ಮೇಲೆ ಬಂಡಿ ಹಾಸು. ಅದರಲ್ಲಿ ಐದು ಮಂದಿ, ಟಿವಿ, ಒಲಿ, ಜೋಳದ ಚೀಲ.

ಕಂಪನಿಯ ಷರತ್ತು ಏನು? ಅಮೆರಿಕಾದಲ್ಲಿ 1996ರಲ್ಲಿ ಹಿಪಾ ಅಂತ ಒಂದು ಕಾಯ್ದೆ ಆಗ್ಯದ. ರೋಗಿಯ ಹೆಸರು, ರೋಗ, ಚಾರ್ಟು, ಸಂಬಂಧ ಇಲ್ಲದವರ ಕಣ್ಣಿಗೆ ಬೀಳಬಾರದು. ಹಂಗಾಗಿ ಬೇರೆ ಖೋಲಿ ಬೇಕು, ಬಾಗಿಲು ಬೇಕು. ಪರದೆ ಕಿಟಕಿಗೆ ಕಾಣಬಾರದು. ಟೇಬಲ್ ಮೇಲೆ ಮೊಬೈಲ್ ಇರಬಾರದು, ಪೆನ್ನು ಹಾಳಿ ಇರಬಾರದು. ನಾನು ಈ ಷರತ್ತನ್ನ ಬೈಯಂಗಿಲ್ಲ. ನಮ್ಮ ಅಕ್ಕತಂಗಿಯರ ಆಸ್ಪತ್ರೆ ಚೀಟಿಯನ್ನ ಯಾರೋ ನಡುಓಣಿಯಲ್ಲಿ ಓದಿದರೆ ನಮಗೆ ಹೆಂಗಾಗ್ತದ? ಆದರೆ ಆ ಷರತ್ತು ಬರೆದವರ ಮನಸ್ಸಿನಲ್ಲಿ ಇದ್ದ ಮನೆ ಬೇರೆ. ಇಲ್ಲಿ ಕೇಳೋದು ಡಿಗ್ರಿ ಒಂದೇ ಅಲ್ಲ, ಖೋಲಿ. ಎರಡನೇ ಖೋಲಿ ಇದ್ದವರ ಮಕ್ಕಳಿಗೆ ಅದು ಪ್ರಶ್ನೆಯೇ ಅಲ್ಲ.

ಅಪ್ಪ ಹಿಂದಿನ ಕೊಟ್ಟಿಗೆಯ ಜಾಗಕ್ಕೆ ಮೂರು ಕಡೆ ಇಟ್ಟಂಗಿ ಎತ್ತಿಸಿ ತಗಡು ಹಾಕಿಸಿದ. ಆಡುಗಳು ಅಂಗಳಕ್ಕೆ ಬಂದವು. ಬಾಗಿಲಿಗೆ ಸಾಲ ತಂದ. ಇಂಟರ್‌ನೆಟ್ ತಂತಿ ನಮ್ಮ ಕೇರಿಗೆ ಬರಬೇಕಾದರೆ ಮೇಲಿನ ಓಣಿಯ ಎರಡು ಮನೆಯ ಮಾಳಿಗೆ ಮೇಲಿಂದ ಬರಬೇಕು. ಒಬ್ಬರು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. ಕಡೀಕೆ ಕೆರೆ ಏರಿ ಸುತ್ತಿಸಿ ಕಂಬ ಹಾಕಿಸಿ ತಂದ್ವಿ, ಆ ಖರ್ಚು ನಾನೇ ಕೊಟ್ಟೆ. ಕರೆಂಟ್ ಹೋದರೆ ಇನ್ವರ್ಟರ್ ಎರಡು ತಾಸು. ಬೇಸಿಗೆಯಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಹೆಂಗಿರ್ತದ ಅಂತ ಕೇಳಬ್ಯಾಡ್ರಿ. ಒದ್ದಿ ಚಾದರ ಹೊದ್ದುಕೊಂಡು ಚಾರ್ಟು ಓದೀನಿ.

ಇನ್ನೊಂದು ಕಷ್ಟ ಅವ್ವಂದಿರು ಕೇಳಬೇಕು. ಹುಡುಗಿ ಮನ್ಯಾಗ ಇದ್ದಾಳ ಅಂದರೆ ಖಾಲಿ ಅದಾಳ ಅಂತ ಎಲ್ಲರೂ ತಿಳ್ಕೋತಾರ. ನೀರು ಬಂತು, ಕೊಡ ತಗೊಂಡು ಬಾ. ಕೂಸು ಅಳ್ತದ, ಎತ್ಕೋ. ನನ್ನ ಪರದೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅಲ್ಲಿ ಲೆಕ್ಕ ಬೀಳ್ತದ. ನೂರಕ್ಕೆ ತೊಂಬತ್ತೈದು ಕೋಡ್ ಸರಿ ಇರಬೇಕು ಅಂತಾರ, ದಿನದ ಎಣಿಕೆನೂ ಮುಗೀಬೇಕು. ಮುಗಿಯದಿದ್ದರೆ ರಾತ್ರಿ ಹತ್ತರ ತನಕ ಕುಂದರತೀವಿ, ಅದಕ್ಕೆ ಬೇರೆ ರೊಕ್ಕ ಇಲ್ಲ. ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿದರು. 1946ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಆಗಿ ವಾರದ ಕೆಲಸ 54 ತಾಸಿನಿಂದ 48ಕ್ಕೆ ಇಳೀತು. ಆ 48 ತಾಸು ಎಂದಿಗೆ ಮುಗೀತು ಅಂತ ಕಾರ್ಖಾನೆಯಲ್ಲಿ ಸೈರನ್ ಹೇಳ್ತಿತ್ತು. ತಗಡಿನ ಖೋಲಿಯಲ್ಲಿ ಹೇಳೋರು ಯಾರೂ ಇಲ್ಲ.

ಸಂಘದ ತಮ್ಮಂದಿರು ಹೋದ ತಿಂಗಳು ಒಂದು ಯೋಚನೆ ತಂದರು. ಅಂಬೇಡ್ಕರ್ ಭವನದ ಹಿಂದಿನ ಹಾಲಿನಲ್ಲಿ ಆರು ಕಂಪ್ಯೂಟರ್ ಹಾಕೋಣ, ಖೋಲಿ ಇಲ್ಲದವರು ಅಲ್ಲೇ ಕುಂತು ಈ ಕೆಲಸ ಮಾಡಲಿ. ಯೋಚನೆ ಒಳ್ಳೇದು, ಆದರೆ ಆಗಂಗಿಲ್ಲ. ಆರು ಮಂದಿ ಒಂದೇ ಹಾಲಿನಲ್ಲಿ ಬೇರೆ ಬೇರೆ ಕಂಪನಿಯ ಚಾರ್ಟು ತೆಗೆದರೆ ಒಬ್ಬರದು ಒಬ್ಬರಿಗೆ ಕಾಣ್ತದ. ಸಿಕ್ಕಿಬಿದ್ದರೆ ಆರು ಮಂದಿಯ ನೌಕರಿನೂ ಹೋಗ್ತದ. ಆ ಹಾಲನ್ನ ಕಲಿಯೋದಕ್ಕೆ ಇಡ್ರಿ. ಕೆಲಸಕ್ಕೆ ಅಂತ ಕೊಡಬೇಕು ಅಂದರೆ ಹಾಲಿನ ಬಾಜೂಕ ಎರಡು ಸಣ್ಣ ಖೋಲಿ ಕಟ್ಟಿಸಿ, ಒಂದಕ್ಕೊಂದು ಬಾಗಿಲು, ಒಂದಕ್ಕೊಂದು ಬೀಗ. ಕಂಪನಿಗೆ ವಿಳಾಸ ತೋರಿಸಿ ಒಪ್ಪಿಗೆ ತಗೊಂಡೇ ಕುಂದರಬೇಕು. ಈ ವರ್ಷದ ಜಯಂತಿಯ ಡಿಜೆ ರೊಕ್ಕ ಇದಕ್ಕೆ ಹಾಕ್ರಿ ಅಂತ ನಾನು ಮೀಟಿಂಗಿನಲ್ಲಿ ಹೇಳಿದ್ದೆ. ಕೆಲವರಿಗೆ ಸಿಟ್ಟು ಬಂತು. ಇವತ್ತೂ ಅದನ್ನೇ ಹೇಳ್ತೀನಿ.

ರೊಕ್ಕದ ಬಗ್ಗೆ ಇನ್ನೊಂದು ಮಾತು. ಮಹಬೂಬನಗರ, ಹೈದರಾಬಾದು ಕಡೆ "ನೌಕರಿ ಗ್ಯಾರಂಟಿ" ಅಂತ ಬೋರ್ಡ್ ಹಾಕಿ ಫೀಸು ಕೇಳೋರು ಭಾಳ ಮಂದಿ ಅದಾರ. ನಮ್ಮ ಪಕ್ಕದ ಊರಿನ ಒಬ್ಬ ಹುಡುಗ ಹೊಲದ ಮೇಲೆ ಸಾಲ ತಂದು ಕಟ್ಟಿದ. ಮೂರು ತಿಂಗಳಿಗೆ ಬೋರ್ಡೇ ಇರಲಿಲ್ಲ. "ಮನೆಯಿಂದ ಕೆಲಸ, ಮೊದಲು ಡಿಪಾಜಿಟ್ ಕಟ್ಟಿ" ಅಂತ ಮೊಬೈಲಿಗೆ ಬಂದರೆ ಅದು ಮೋಸ, ಅನುಮಾನವೇ ಬ್ಯಾಡ. ಗುಂಪು ಮೇಸ್ತ್ರಿಯಾದರೂ ಮುಂಗಡ ಕೊಡ್ತಿದ್ದ, ಇವರು ನಮ್ಮಿಂದಲೇ ಮುಂಗಡ ಕೇಳ್ತಾರ! ನೌಕರಿ ಕೊಟ್ಟವರು ನೇಮಕಾತಿ ಪತ್ರ ಕೊಡಬೇಕು, ಪಿ.ಎಫ್. ಕಟ್ಟಬೇಕು, ಸಂಬಳ ತಿಂಗಳಿಗೆ 21 ಸಾವಿರದೊಳಗೆ ಇದ್ದರೆ ಇ.ಎಸ್.ಐ. ಬರ್ತದ. ಕೇಳಾಕ ನಾಚಬ್ಯಾಡ್ರಿ. ಹಂಗೇ ನೌಕರಿಯ ಹೆಸರು ಸರಿಯಾಗಿ ಓದ್ರಿ. ಎ.ಆರ್. ಕಾಲಿಂಗ್ ಅಂತ ಇದ್ದರೆ ಅದು ರಾತ್ರಿ ಫೋನಿನಲ್ಲಿ ಇನ್ಶೂರೆನ್ಸಿನವರ ಕೂಡ ಮಾತಾಡೋ ಕೆಲಸ. ಕೋಡಿಂಗ್ ಓದೋ ಕೆಲಸ, ಬಹಳ ಕಡೆ ಹಗಲಲ್ಲೇ.

ಸಿಪಿಸಿ ಅನ್ನೋ ಪರೀಕ್ಷೆ ಅದ, ಅಮೆರಿಕಾದ ಎಎಪಿಸಿ ಸಂಸ್ಥೆಯದು. ನಾಲ್ಕು ತಾಸು, ನೂರು ಪ್ರಶ್ನೆ, ಎಪ್ಪತ್ತು ಸರಿ ಇದ್ದರೆ ಪಾಸು. ಪುಸ್ತಕ ತೆರೆದಿಟ್ಟುಕೊಂಡೇ ಬರೀಬಹುದು, ಆದರೆ ಹುಡುಕಿಕೊಂಡು ಕುಂತರೆ ಹೊತ್ತು ಸಾಲಂಗಿಲ್ಲ. ಅನುಭವ ಇಲ್ಲದೇ ಪಾಸಾದರೆ ಹೆಸರಿನ ಮುಂದೆ ಸಿಪಿಸಿ-ಎ ಅಂತ ಬರ್ತದ, ಆ 'ಎ' ಅಂದರೆ ಇನ್ನೂ ಕಲಿಯೋ ಹಂತದವರು. ಇಲ್ಲಿನ ಕಂಪನಿಗಳು ಬಿ.ಎಸ್ಸಿ., ಬಿ.ಫಾರ್ಮಸಿ, ನರ್ಸಿಂಗ್ ಓದಿದವರನ್ನ ಮೊದಲು ನೋಡ್ತಾವ. ಫೀಸು ಡಾಲರಿನ ಲೆಕ್ಕ, ದುಬಾರಿ. ಮೊದಲು ನೌಕರಿ ಹಿಡಿದು ಆಮೇಲೆ ಬರೆಯೋರೂ ಅದಾರ, ನಾನು ಹಂಗೇ ಮಾಡಿದೆ.

ಯಂತ್ರ ಬಂದರೆ ಈ ಕೆಲಸ ಇರ್ತದೇನು ಅಂತ ಕೇಳಿದರು. ಎಕ್ಸ್-ರೇಯಂಥ ಸಣ್ಣ ಚಾರ್ಟುಗಳನ್ನ ಕೆಲವು ಕಡೆ ಈಗಾಗಲೇ ಯಂತ್ರ ಮಾಡ್ತದ, ನಾವು ತಪ್ಪು ತೆಗೀತೀವಿ. ಸುಲಭದ್ದು ಮೊದಲು ಹೋಗ್ತದ. ಹಂಗಾಗಿ ಸುಲಭದ್ದಷ್ಟೇ ಕಲಿತು ನಿಲ್ಲಬ್ಯಾಡ್ರಿ, ಆಪರೇಷನ್ ಚಾರ್ಟು ಓದೋದು ಕಲೀರಿ.

ನನ್ನ ಸುದ್ದಿ ಒಂದು ಉಳೀತು. ಕಂಪನಿಯವರು ಬರೋ ತಿಂಗಳಿಂದ ವಾರಕ್ಕೆ ಮೂರು ದಿನ ಆಫೀಸಿಗೆ ಬರ್ರಿ ಅಂದಾರ. ಮಂಗಳವಾರದಿಂದ ಗುರುವಾರ. ಜಕ್ಲೇರ್ ಕೃಷ್ಣಾ ನಡುವಿನ ಹೊಸ ಹಳಿ 2023ರ ಅಕ್ಟೋಬರ್ 1ರಂದು ಶುರುವಾದಾಗ ಕಾಚಿಗುಡಕ್ಕೆ ರೈಲು ಬಂತು ಅಂತ ನಾವೆಲ್ಲ ಖುಷಿಪಟ್ಟಿದ್ವಿ. ಆದರೆ ದಿನಾ ಹೋಗಿ ಬರೋ ದೂರ ಅಲ್ಲ. ಮತ್ತೆ ರೂಮು ಹುಡುಕಬೇಕು, ಮತ್ತೆ ಆ ಎರಡನೇ ಪ್ರಶ್ನೆ. ಈ ಸಲ ಊರು, ಕೇರಿ ಎರಡೂ ಹೇಳೇ ಕೇಳ್ತೀನಿ. ಅಪ್ಪನ ಸಾಲ ಇನ್ನೂ ಒಂಬತ್ತು ಕಂತು ಅದ. ಆ ಖೋಲಿಯನ್ನ ಕೊಟ್ಟಿಗೆ ಮಾಡಬ್ಯಾಡ ಅಂತ ಅಪ್ಪಗ ಹೇಳೀನಿ. ಪಕ್ಕದ ಮನೆಯ ನರ್ಸಿಂಗ್ ಓದೋ ತಂಗಿ ಆ ಮೂರು ದಿನ ಅಲ್ಲಿ ಕುಂತು ಓದ್ಲಿ. ಕಂಪನಿಯ ಕಂಪ್ಯೂಟರ್ ನನ್ನ ಕೂಡ ಹೋಗ್ತದ, ಬಾಗಿಲು ಇಲ್ಲೇ ಇರ್ತದ.

ಭಾನುವಾರ ಊರಾಗೇ ಇರ್ತೀನಿ. ಮುಂಜಾನೆ ಏಳರಿಂದ ಒಂಬತ್ತು, ಭವನದ ಹಿಂದಿನ ಹಾಲು. ಫೀಸು ಇಲ್ಲ. ನನ್ನ ಹತ್ರ ಎರಡು ವರ್ಷ ಹಿಂದಿನ ಕೋಡ್ ಪುಸ್ತಕ ಅದಾವ. ಪ್ರತಿ ಅಕ್ಟೋಬರಿಗೆ ಕೋಡ್ ಬದಲಾಗ್ತಾವ, ಎಲುಬು ಬದಲಾಗಂಗಿಲ್ಲ, ಕಲಿಯಾಕ ಹಳೇದು ನಡೀತದ. ಹನ್ನೊಂದು ಮಂದಿ ಹೆಸರು ಕೊಟ್ಟಾರ, ಏಳು ಮಂದಿ ಹುಡುಗಿಯರು. ಮೊದಲ ದಿನ ಕೈಯ ಎಲುಬುಗಳಿಂದ ಶುರು. ಮೊಬೈಲ್ ಬ್ಯಾಡ, ನೋಟ್‌ಬುಕ್ಕು, ಪೆನ್ಸಿಲ್ಲು ತರ್ರಿ. ಮುತ್ಯಾನೂ ಬರ್ತೀನಿ ಅಂದಾನ, ಅವನಿಗೆ ಒಂದು ಕುರ್ಚಿ ಹಾಕಿಡ್ರಿ.

ಜೈ ಭೀಮ್.